ಪಾಲಾದ ಚಿಮಣಿ

ಒಲೆ ಕೂರಿಸುವ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಊರಿನಲ್ಲಿ ಅದನ್ನು ಬಲ್ಲವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಆಯ್ತಪ್ಪ. ಯಾರು ಏನು ಕೇಳಿದರೂ ಅವನಿಂದ ಮೊದಲು ಹೊರಡುತ್ತಿದ್ದ ಮಾತು ಅದೇ. ಒಲೆಯನ್ನು ಕಿಟಕಿಯ ಪರದೆಗೆ ಅಂಟಿಸಿಯೇ ಕೂರಿಸಬೇಕು ಅಂದರೆ ಆಯ್ತಪ್ಪ. ಕೊಳವೆ ಕಣ್ಣಿಗೆ ಕಾಣಬಾರದು, ಆದರೆ ಹೊಗೆಯನ್ನು ಚೆನ್ನಾಗಿ ಎಳೆಯಬೇಕು ಅಂದರೆ ಅದಕ್ಕೂ ಆಯ್ತಪ್ಪ. ಕೇಳಿದವರು ಹೆಂಗಸರಾದರೆ ಆಯ್ತಮ್ಮ. ಎರಡು ಮನೆಯವರಿಗೆ ಒಂದೇ ದಿನ ಬರುತ್ತೇನೆಂದು ಮಾತು ಕೊಟ್ಟು, ಮೂರನೆಯವರ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿರುತ್ತಿದ್ದ. ಆದರೂ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟದ ಕೆಲಸ. ಬೈಯಲು ಹೋದರೆ ಅದಕ್ಕೂ ಆಯ್ತಪ್ಪ ಎಂದು ತಲೆಯಾಡಿಸುವವನನ್ನು ಎಷ್ಟು ಹೊತ್ತು ಬೈಯಲಾದೀತು?

ಅವನಿಗೆ ಕಸುಬು ಕಲಿಸಿದ್ದು ಹೆಣ್ಣು ಕೊಟ್ಟ ಮಾವ. ಮಾವನದು ತದ್ವಿರುದ್ಧ ಜಾಯಮಾನ. ಕರೆದ ಮನೆಗೆ ಹೋಗಿ, ಹಳೆಯ ಚಿಮಣಿಯ ಬಾಯಿಗೆ ಹೊಗೆಯಾಡುವ ಬಟ್ಟೆ ಹಿಡಿದು, ಹೊಗೆ ಮೇಲಕ್ಕೆ ಹೋಗುತ್ತದೋ ಮುಖಕ್ಕೆ ಬರುತ್ತದೋ ನೋಡುತ್ತಿದ್ದರು. ಗೋಡೆಗೆ ಕಿವಿಯಿಟ್ಟು ಬಡಿಯುತ್ತಿದ್ದರು. ಆಮೇಲೆ ಕೈ ಒರೆಸಿಕೊಂಡು "ಆಗಲ್ಲ" ಅನ್ನುತ್ತಿದ್ದರು. ಮೊದಲು ಒಳಗಿನ ಮಸಿ ಗುಡಿಸಬೇಕು, ಬಿರುಕು ಮುಚ್ಚಬೇಕು, ಮರದ ತೊಲೆಯಿಂದ ಕೊಳವೆಯನ್ನು ದೂರ ಸರಿಸಬೇಕು, ಕೋಣೆಗೆ ಗಾಳಿ ಬರಲು ಕಿಂಡಿ ಬಿಡಬೇಕು, ಒಲೆಯ ಮಾತು ಆಮೇಲೆ. ಇಷ್ಟೆಲ್ಲ ಕೇಳುವ ವ್ಯವಧಾನ ಯಾರಿಗಿದೆ? ಅರ್ಧ ಊರು ಅವರನ್ನು ಬೈದು ಕಳಿಸಿತು, ಮೊದಲ ಚಳಿಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಮತ್ತೆ ಕರೆಯಿತು. ಮಾವ ಕಣ್ಣು ಮುಚ್ಚಿದಾಗ ಉಳಿದದ್ದು ಒಂದು ಏಣಿ, ಮಸಿ ಗುಡಿಸುವ ಕುಂಚಗಳು, ಒಬ್ಬಳೇ ಮಗಳು. ಏಣಿ, ಕುಂಚ ಅಳಿಯನಿಗೆ ಬಂದವು. ನಾಲಿಗೆ ಮಾತ್ರ ಮಗಳ ಪಾಲಿಗೆ ಹೋಯಿತು.

ಇದರಿಂದ ಸಂಸಾರ ಸೊಗಸಾಗಿಯೇ ನಡೆಯಿತು. ಮುಖ್ಯ ಬೀದಿಯಲ್ಲಿ ಅವರದೊಂದು ಅಂಗಡಿ. ಕೊಳವೆ, ಮುಚ್ಚಳ, ಒಲೆಯ ಬಾಗಿಲಿಗೆ ಸುತ್ತುವ ಹಗ್ಗ, ಬೆಂಕಿ ತಡೆಯುವ ಗಾರೆ, ಎಲ್ಲ ಅಲ್ಲಿ ಸಿಗುತ್ತಿತ್ತು. ಗಂಡ ಹೊರಗೆ ಹೋಗಿ ಒಪ್ಪಿಕೊಂಡು ಬಂದದ್ದನ್ನು ಹೆಂಡತಿ ಅಂಗಡಿಯಲ್ಲಿ ಕೂತು ತಿರಸ್ಕರಿಸುತ್ತಿದ್ದಳು. "ಅಷ್ಟು ಸಣ್ಣ ಕೊಳವೆ ಈ ಒಲೆಗೆ ನಡೆಯಲ್ಲ, ಕೊಡಲ್ಲ" ಅಂದರೆ ಮುಗಿಯಿತು, ಗಿರಾಕಿ ಗೊಣಗಿಕೊಂಡು ದೊಡ್ಡದನ್ನೇ ಒಯ್ಯಬೇಕು. ಗಂಡ ಒಳ್ಳೆಯವನು, ಹೆಂಡತಿ ಗಯ್ಯಾಳಿ ಎಂದು ಊರು ತೀರ್ಪು ಕೊಟ್ಟಿತ್ತು. ಆ ಊರಿನಲ್ಲಿ ಎಷ್ಟೋ ಜನ ಚಳಿಗಾಲ ಮುಗಿಸಿ ಜೀವಂತ ಏಳುತ್ತಿದ್ದದ್ದು ಆ ಗಯ್ಯಾಳಿಯ ದೆಸೆಯಿಂದ. ಆದರೆ ಹಾಗೆ ಏಳುವವರು ಅದರ ಲೆಕ್ಕ ಯಾಕಾದರೂ ಇಡಬೇಕು?

ತೊಂದರೆ ಶುರುವಾದದ್ದು ಅಣ್ಣತಮ್ಮಂದಿರ ಮನೆಯಿಂದ. ಅಣ್ಣ ಗಡಿಯಾರ ರಿಪೇರಿ ಮಾಡುವವನು. ತಮ್ಮ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯವನು. ಅಪ್ಪ ಹೋದ ಮೇಲೆ ಮನೆ ಪಾಲಾಯಿತು. ಕೆಳಗಿನದು ಅಣ್ಣನಿಗೆ, ಮಹಡಿ ತಮ್ಮನಿಗೆ. ಒಳಗಿನ ಮೆಟ್ಟಿಲು ಯಾರದು ಎಂದು ಬಗೆಹರಿಯದೆ ಅದನ್ನು ಹಲಗೆ ಹೊಡೆದು ಮುಚ್ಚಿ, ತಮ್ಮ ಹೊರಗಿನಿಂದ ಬೇರೆ ಮೆಟ್ಟಿಲು ಕಟ್ಟಿಸಿಕೊಂಡ. ಒಂದೇ ಅಂಗಳಕ್ಕೆ ಎರಡು ನಲ್ಲಿ, ಎರಡು ಗೇಟು, ಬಟ್ಟೆ ಒಣಗಿಸಲು ಎರಡು ತಂತಿ. ಮಾತಂತೂ ನಿಂತು ಎಷ್ಟೋ ವರ್ಷವಾಗಿತ್ತು. ಓರಗಿತ್ತಿಯರಿಬ್ಬರೂ ಗಂಡಂದಿರಿಗಿಂತ ಒಂದು ಕೈ ಮೇಲು. ಒಬ್ಬಳು ಅಂಗಳಕ್ಕೆ ಬಂದರೆ ಇನ್ನೊಬ್ಬಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಅದೂ ಸದ್ದು ಕೇಳಿಸುವ ಹಾಗೆ.

ಇಷ್ಟೆಲ್ಲ ಪಾಲಾದರೂ ಚಿಮಣಿ ಮಾತ್ರ ಒಂದೇ ಉಳಿದಿತ್ತು. ಕೆಳಗಿನ ಕೋಣೆಯ ಗೋಡೆಯಲ್ಲಿ ಹುಟ್ಟಿ, ಮಹಡಿಯ ಮಲಗುವ ಕೋಣೆಯ ಗೋಡೆಯೊಳಗೆ ಹಾದು, ಮಾಡಿನ ಮೇಲೆ ತಲೆ ಎತ್ತಿದ್ದ ಇಟ್ಟಿಗೆಯ ಚಿಮಣಿ ಅದು. ಕೆಳಗೊಂದು, ಮೇಲೊಂದು ಹಳೆಯ ಅಗ್ಗಿಷ್ಟಿಕೆಯ ಬಾಯಿ. ಎರಡನ್ನೂ ಯಾವ ಕಾಲದಲ್ಲೋ ಮುಚ್ಚಿದ್ದರು. ಆ ವರ್ಷ ಅಣ್ಣ ಕಲ್ಲಿದ್ದಲು ಉರಿಸುವ ಕಬ್ಬಿಣದ ಒಲೆ ತಂದ. ಅಣ್ಣ ತಂದ ಮೇಲೆ ತಮ್ಮ ತರದೆ ಇರುವುದುಂಟೇ? ಅದೇ ಕಂಪನಿಯದು, ಒಂದು ಅಳತೆ ದೊಡ್ಡದು ಬಂತು. ಇಬ್ಬರೂ ಕರೆದದ್ದು ಆಯ್ತಪ್ಪನನ್ನೇ.

"ಚಿಮಣಿ ಅಪ್ಪನ ಕಾಲದ್ದು, ಅದರಲ್ಲಿ ಅರ್ಧ ನಂದು ಅಂತ ಅವನಿಗೆ ಹೇಳಿ" ಅಂದ ಅಣ್ಣ.

"ಅರ್ಧ ಅಂದ್ರೆ ಅರ್ಧ. ಒಂದು ಬೆರಳು ಜಾಸ್ತಿ ಹೋದ್ರೂ ಬಿಡಲ್ಲ ಅಂತ ಅವನಿಗೆ ಹೇಳಿ" ಅಂದ ಮಹಡಿಯಿಂದ ತಮ್ಮ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಕೊನೆಗೆ ಉಪಾಯ ಹೊಳೆದದ್ದು ಅಣ್ಣನಿಗೆ. ಚಿಮಣಿಯ ನಡುವೆ ಮೇಲಿನಿಂದ ಕೆಳಗಿನವರೆಗೆ ತಗಡು ಇಳಿಸಿಬಿಡುವುದು. ಒಂದು ಬದಿಯಲ್ಲಿ ಅಣ್ಣನ ಹೊಗೆ, ಇನ್ನೊಂದು ಬದಿಯಲ್ಲಿ ತಮ್ಮನ ಹೊಗೆ. ಅವರ ಹೊಗೆ ಇವರ ಹೊಗೆಯ ಮುಖ ನೋಡಬೇಕಾಗಿಲ್ಲ.

ಒಂದು ಚಿಮಣಿಗೆ ಒಂದೇ ಒಲೆ. ಮಾವ ಇದನ್ನು ಬಾಯಿಪಾಠ ಮಾಡಿಸಿದ್ದರು. ಅರ್ಧ ಚಿಮಣಿ ಅರ್ಧ ಹೊಗೆ ಎಳೆಯುವುದಿಲ್ಲ, ಏನನ್ನೂ ಎಳೆಯುವುದಿಲ್ಲ. ಒರಟು ಇಟ್ಟಿಗೆಗೆ ತಗಡು ಎಲ್ಲೂ ಕೂಡಿಕೊಳ್ಳುವುದಿಲ್ಲ, ಅಂಚಿನಲ್ಲಿ ಸಂದು ಉಳಿದೇ ಉಳಿಯುತ್ತದೆ. "ಹೊಗೆ ನುಗ್ಗಿದ್ರೆ ಕೆಮ್ಮಾದ್ರೂ ಬರುತ್ತೆ, ಎದ್ದು ಓಡ್ತೀವಿ" ಅನ್ನುತ್ತಿದ್ದರು ಮಾವ. "ಕಲ್ಲಿದ್ದಲಿನ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರನ್ನ ಮಲಗಿದ ಹಾಗೇ ಮಲಗಿಸಿಬಿಡುತ್ತೆ." ಇದಿಷ್ಟೂ ಆಯ್ತಪ್ಪನ ಗಂಟಲವರೆಗೆ ಬಂತು. ಎದುರಿಗೆ ಅಣ್ಣ, ಮಹಡಿಯ ಕಿಟಕಿಯಲ್ಲಿ ತಮ್ಮ, ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಉಗುಳು ನುಂಗಿದ. ಉಗುಳಿನ ಜೊತೆ ಮಾತೂ ಇಳಿದು ಹೋಯಿತು.

"ಆಯ್ತಪ್ಪ" ಅಂದ.

ಕೆಲಸವೇನೋ ನೋಡಲು ಚೆಂದವಾಗಿಯೇ ಬಂತು. ಮಾಡಿನ ಮೇಲೆ ಕೂತು ತಗಡಿಗೆ ತಗಡು ಜೋಡಿಸಿ, ರಿವೆಟ್ ಹೊಡೆದು, ಹಗ್ಗ ಕಟ್ಟಿ ಇಳಿಸಿದ. ಅಣ್ಣ ಕಣ್ಣಿಗೆ ಗಡಿಯಾರದ ಮಸೂರ ಸಿಕ್ಕಿಸಿಕೊಂಡು ಏಣಿ ಹತ್ತಿ ತಗಡು ನಟ್ಟನಡುವೆ ಇದೆಯೇ ಎಂದು ನೋಡಿದ. ಅವನು ಇಳಿದ ಮೇಲೆ ತಮ್ಮ ಟೇಪು ಹಿಡಿದು ಹತ್ತಿದ. ಇಬ್ಬರಿಗೂ ಒಂದೇ ವಿಷಯದಲ್ಲಿ ತೃಪ್ತಿಯಾದದ್ದು ಪಾಲಾದ ಮೇಲೆ ಅದೇ ಮೊದಲು. ಆಯ್ತಪ್ಪ ಬಹಳ ಹಿಗ್ಗಿದ. ಮನೆಗೆ ಬಂದಾಗ ಹೆಂಡತಿ, "ಅವರ ಮನೇಲಿ ಏನು ಮಾಡಿದ್ರಿ?" ಎಂದು ಕೇಳಿದಳು. "ಒಲೆ ಕೂರಿಸಿದೆ" ಅಂದ. "ಎಷ್ಟು?" ಅಂದಳು. ಅವನಿಗೆ ಆ ಹೊತ್ತಿಗೆ ಸರಿಯಾಗಿ ಬಚ್ಚಲಲ್ಲಿ ನೀರು ತುಂಬಿ ಹರಿಯುತ್ತಿರುವುದು ನೆನಪಾಯಿತು.

ಚಳಿ ಬಿಗಿಯಾದಾಗ ಊರಿಗೆ ಒಂದು ಸುದ್ದಿ ಹಬ್ಬಿತು. ಮಹಡಿಯಾಕೆಗೆ ವಿಶೇಷವಂತೆ! ಮದುವೆಯಾಗಿ ಅಷ್ಟು ವರ್ಷವಾಗಿ, ತಲೆಯಲ್ಲಿ ನಾಲ್ಕು ಬಿಳಿ ಕೂದಲು ಇಣುಕಿದ ಮೇಲೆ. ಬೆಳಗ್ಗೆ ಎದ್ದರೆ ತಲೆ ಸುತ್ತು, ವಾಕರಿಕೆ, ಊಟ ಸೇರುವುದಿಲ್ಲ. ಡಾಕ್ಟರ ಹತ್ತಿರ ಹೋಗಿ ಬಾ ಎಂದು ಗಂಡ ಹೇಳಿದರೆ ಇನ್ನು ಸ್ವಲ್ಪ ದಿನ ಹೋಗಲಿ ಅನ್ನುತ್ತಾಳೆ. ದೃಷ್ಟಿ ತಾಗೀತು ಅನ್ನುವ ಭಯವಿರಬೇಕು ಎಂದು ಎಲ್ಲರೂ ಒಪ್ಪಿಕೊಂಡರು. ಆಯ್ತಪ್ಪನಿಗೂ ಖುಷಿಯಾಯಿತು. ಕಂಡವರಿಗೆಲ್ಲ ಅವನೂ ಹೇಳಿಕೊಂಡು ತಿರುಗಿದ.

ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು ಇನ್ನೂ ಕಸ ಗುಡಿಸುತ್ತಿರುವಾಗಲೇ ಕೆಳಗಿನ ಮನೆಯಾಕೆ, ಅಂದರೆ ಗಡಿಯಾರದವನ ಹೆಂಡತಿ, ಏದುಸಿರು ಬಿಡುತ್ತ ಬಂದಳು.

"ಮೇಸ್ತ್ರಿ, ಒಲೆಯ ಗಾಳಿ ಮುಚ್ಚಳ ಪೂರ್ತಿ ಮುಚ್ಚಲ್ಲ. ಬಿಗಿ ಮಾಡಿಕೊಡಿ. ರಾತ್ರಿ ಹಾಕಿದ ಕಲ್ಲಿದ್ದಲು ಬೆಳಗಿನ ತನಕ ಸಣ್ಣಗೆ ಉರೀತಾನೇ ಇರಬೇಕು."

"ಆಯ್ತಮ್ಮ" ಅಂದ ಆಯ್ತಪ್ಪ.

"ನನಗೋಸ್ಕರ ಅಲ್ಲ, ಅವಳಿಗೋಸ್ಕರ" ಎಂದು ಆಕೆ ದನಿ ತಗ್ಗಿಸಿದಳು. "ಒಲೆ ಹಚ್ಚಿದ್ರೆ ವಾಕರಿಕೆ ಬರುತ್ತೆ ಅಂತ ಮೇಲೆ ಬೆಂಕಿಯನ್ನೇ ಹಾಕಲ್ಲ. ಬಸುರಿ ಹೆಂಗಸು, ಗಂಡ ಬೇರೆ ರಾತ್ರಿ ಮನೇಲಿರಲ್ಲ. ಕೆಳಗೆ ನಾನು ರಾತ್ರಿಯಿಡೀ ಬೆಂಕಿ ಇಟ್ರೆ ಗೋಡೆ ಬಿಸಿಯಾಗಿ ಅವಳ ಕೋಣೆಯೂ ಬೆಚ್ಚಗಿರುತ್ತೆ. ಅದಕ್ಕೇ ಈಗ ಎರಡರಷ್ಟು ಹಾಕ್ತೀನಿ. ನಮ್ಮೋರು ಜಿಪುಣರು, ಅವರಿಗೆ ಹೇಳಿಲ್ಲ."

ಆಯ್ತಪ್ಪನ ಹೆಂಡತಿಯ ಕೈಯಲ್ಲಿದ್ದ ಪೊರಕೆ ನಿಂತಿತು. "ತಲೆಸುತ್ತು ಯಾವಾಗ ಬರುತ್ತೆ ಅವರಿಗೆ?"

"ಬೆಳಗ್ಗೆ. ಮಧ್ಯಾಹ್ನಕ್ಕೆ ಎಷ್ಟೋ ವಾಸಿ. ಮೊನ್ನೆ ತವರಿಗೆ ಹೋಗಿದ್ದಾಗ ಗಟ್ಟಿಮುಟ್ಟಾಗಿದ್ದಳಂತೆ, ಎರಡು ಸಲ ಬಡಿಸಿಕೊಂಡು ಉಂಡಳಂತೆ. ತವರಿನ ಗಾಳಿ ಅಂದ್ರೆ ಹಾಗೇ ಅಲ್ವಾ? ಇವತ್ತಂತೂ ಕೂಗಿದ್ರೂ ಏಳಲಿಲ್ಲ. ಮಲಗಲಿ ಪಾಪ ಅಂತ ಒಲೆಗೆ ಇನ್ನಷ್ಟು ತುಂಬಿ, ಹಾಲಿಟ್ಟು ಬಂದೆ." ಆಕೆ ಸೆರಗು ಸರಿಮಾಡಿಕೊಂಡು ತರಕಾರಿ ಅಂಗಡಿಯ ಕಡೆಗೆ ಹೋದಳು.

ಹೆಂಡತಿ ಗಂಡನ ಮುಖ ನೋಡಿದಳು. "ಆ ಮನೇಲಿ ಎಷ್ಟು ಒಲೆ ಕೂರಿಸಿದ್ರಿ?"

"ಎರಡು."

"ಚಿಮಣಿ?"

ಅವನು ಹೇಳಿದ. ತಗಡಿನ ವಿಷಯವನ್ನೂ ಹೇಳಿದ. ಬೈಗುಳ ಬರುತ್ತದೆ ಎಂದು ಕಾದ. ಬರಲಿಲ್ಲ. ಅವಳು ಪೊರಕೆ ಎಸೆದು ಚಪ್ಪಲಿ ಮೆಟ್ಟಿದಳು. "ನಾನು ಡಾಕ್ಟರನ್ನ ಕರ್ಕೊಂಡು ಬರ್ತೀನಿ. ನೀವು ಓಡಿ. ಮೊದಲು ಆಕೆಯನ್ನ ಹೊರಗೆ ತನ್ನಿ, ಆಮೇಲೆ ಬೆಂಕಿ. ದಾರಿಯಲ್ಲಿ ಯಾರಿಗೂ ಆಯ್ತು ಅನ್ನಬೇಡಿ."

ಆಯ್ತಪ್ಪ ಓಡಿದ. ಮನುಷ್ಯನ ಸ್ವಭಾವ ನೋಡಿ, ದಾರಿಯಲ್ಲಿ ಗಡಿಯಾರದ ಅಂಗಡಿ ಸಿಕ್ಕಿದ್ದೇ ಅವನ ಕಾಲು ತಾನಾಗಿ ಆ ಕಡೆ ತಿರುಗಿತು. ಮನೆಯ ಯಜಮಾನನಿಗೆ ಒಂದು ಮಾತು ಹೇಳಿ ಹೋಗೋಣ, ಅವನೇ ಮುಂದೆ ನಿಂತರೆ ನನಗೆ ಹಗುರ ಎಂದು ಒಳಮನಸ್ಸು ಪಿಸುಗುಟ್ಟಿತ್ತು. ಒಳಗೆ ಅಣ್ಣ ಒಂದು ಹಳೆಯ ಗೋಡೆ ಗಡಿಯಾರ ಬಿಚ್ಚಿಟ್ಟುಕೊಂಡಿದ್ದ. ಗಂಟೆಗೊಮ್ಮೆ ಪುಟ್ಟ ಹಕ್ಕಿ ಹೊರಗೆ ಬಂದು ಕೂಗುವ ಗಡಿಯಾರ.

"ಮಗುವಿಗೆ" ಅಂದ ಅಣ್ಣ, ಕದ್ದು ಸಿಕ್ಕಿಬಿದ್ದವನ ಹಾಗೆ ನಾಚಿಕೊಂಡು. "ಅವನಿಗೆ ಹೇಳಬೇಡಿ. ಮಗುವಿನ ಮೇಲೆ ನನಗೇನು ಸಿಟ್ಟು?"

ಆಯ್ತಪ್ಪನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಅದೇ... ಆಕೆಗೆ ರಾತ್ರಿ ಕಿಟಕಿ ಸ್ವಲ್ಪ ತೆಗೆದಿಟ್ಟುಕೊಳ್ಳೋಕೆ..."

"ಈ ಚಳಿಯಲ್ಲಿ ಬಸುರಿಗೆ ಕಿಟಕಿ ತೆಗೀಬೇಕಾ? ನಿಮಗೆ ತಲೆ ಸರಿ ಇದೆಯಾ?"

"ಆಯ್ತ..." ಎಂದು ಬಾಯಿಗೆ ಬಂದದ್ದನ್ನು ಆಯ್ತಪ್ಪ ಅರ್ಧಕ್ಕೇ ಕಚ್ಚಿ ಹಿಡಿದ. ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು. ಮಹಡಿಯಲ್ಲಿ ಒಂದು ಜೀವ ಹೋಗುತ್ತಿದೆ, ಇವನಿಲ್ಲಿ ಸಭ್ಯತೆ ಮೆರೆಯುತ್ತಿದ್ದಾನೆ! ಏನೂ ಹೇಳದೆ ತಿರುಗಿ ಓಟ ಕಿತ್ತ. ಅಣ್ಣ ಮಸೂರವನ್ನು ಕಣ್ಣಿನಲ್ಲೇ ಬಿಟ್ಟುಕೊಂಡು ಅವನ ಹಿಂದೆ ಬೀದಿಗಿಳಿದ.

ಮಹಡಿಯ ಬಾಗಿಲಿನ ಅಗುಳಿ ಹಳೆಯದು, ಭುಜ ಕೊಟ್ಟರೆ ಬಿಟ್ಟುಕೊಂಡಿತು. ಆಕೆ ಹಾಸಿಗೆಯಿಂದ ಇಳಿಯಲು ಹೋಗಿ ನೆಲಕ್ಕೆ ಕುಸಿದಿದ್ದಳು. ಕೋಣೆಯಲ್ಲಿ ಹೊಗೆಯ ಸುಳಿವೂ ಇರಲಿಲ್ಲ. ಎಲ್ಲ ಅಚ್ಚುಕಟ್ಟು, ಬೆಚ್ಚಗೆ, ಹಚ್ಚದ ಒಲೆಯ ಮೇಲೆ ಕಸೂತಿಯ ಬಟ್ಟೆ. ಅವನು ಕಿಟಕಿಗಳನ್ನು ದಡಬಡ ತೆರೆದು, ಆಕೆಯ ಕಂಕುಳಿಗೆ ಕೈ ಕೊಟ್ಟು ಹೊರಗಿನ ಮೆಟ್ಟಿಲಿಗೆ ಎಳೆದು ತಂದ. ಕಂಬಳಿ ಹೊದಿಸಿ ಗೋಡೆಗೆ ಒರಗಿಸಿದ. ತಣ್ಣನೆಯ ಗಾಳಿ ಮುಖಕ್ಕೆ ಬಡಿದು ಆಕೆ ಕಣ್ಣು ಬಿಟ್ಟಳು. ಆಮೇಲೆ ಕೆಳಗೆ ಹೋಗಿ, ಚಿಲಕ ತೆಗೆದು, ಕಾದ ಕಬ್ಬಿಣಕ್ಕೆ ನೀರು ಸುರಿದರೆ ಬಿರಿಯುತ್ತದೆಂದು ಕೆಂಡವನ್ನೆಲ್ಲ ಬಾಣಲೆಗೆ ಎಳೆದು ಅಂಗಳದ ನಡುವೆ ಸುರಿದ. ಮತ್ತೆ ಮೇಲೆ ಬಂದಾಗ ಆಕೆಗೆ ಮಾತಾಡುವಷ್ಟು ಉಸಿರು ಬಂದಿತ್ತು.

"ಅಮ್ಮಾ" ಅಂದ. "ಇದು ಎಲ್ಲರೂ ಅಂದುಕೊಂಡ ಹಾಗೆ ಅಲ್ಲ. ಕೆಳಗಿನ ಒಲೆಯ ವಿಷಗಾಳಿ ತಗಡಿನ ಸಂದು ದಾಟಿ, ನಿಮ್ಮ ಹಚ್ಚದ ಒಲೆಯಿಂದ ಕೋಣೆಗೆ ಬರ್ತಿದೆ. ತಗಡು ಹಾಕಿದ್ದು ನಾನೇ. ತಪ್ಪು ಅಂತ ಗೊತ್ತಿದ್ದೂ ಹಾಕಿದೆ."

"ಗಾಳಿ ವಿಷಯ ಗೊತ್ತಿರಲಿಲ್ಲ" ಅಂದಳು ಆಕೆ ಮೆಲ್ಲಗೆ. "ಮಗು ಇಲ್ಲ ಅಂತ ಗೊತ್ತಿತ್ತು."

"ಯಾವಾಗಿನಿಂದ?"

"ತವರಿಂದ ಬಂದ ಮಾರನೇ ದಿನದಿಂದ. ಹೆಂಗಸರಿಗೆ ಗೊತ್ತಾಗುತ್ತೆ, ಬಿಡಿ." ಆಕೆ ಕಂಬಳಿಯನ್ನು ಕುತ್ತಿಗೆಗೆ ಎಳೆದುಕೊಂಡಳು. "ಇವರಿಗೆ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ ಬಂದ್ರು. ಈ ಮೆಟ್ಟಿಲು ಕಟ್ಟಿಸಿದ ಮೇಲೆ ಒಂದು ದಿನ ಇತ್ತ ತಲೆ ಹಾಕಿರಲಿಲ್ಲ. ಈಗ ದಿನಾ ಬರ್ತಾರೆ. ಹಣೆ ಮುಟ್ಟಿ ನೋಡ್ತಾರೆ. ಕೂತು ಮಾತಾಡ್ತಾರೆ." ಆಕೆ ಅವನ ಕಡೆ ತಿರುಗಿದಳು. "ಮೇಸ್ತ್ರಿ, ಒಲೆ ಸರಿ ಮಾಡಿಬಿಡಿ. ಕಾರಣ ಮಾತ್ರ ಹೇಳಬೇಡಿ. ಇನ್ನು ಸ್ವಲ್ಪ ದಿನ ಹೀಗೇ ಇರಲಿ. ನೀವು ಯಾರಿಗೂ ಇಲ್ಲ ಅನ್ನಲ್ವಂತೆ."

ಆಕೆ ಕೇಳಿದ್ದು ಎಷ್ಟು ಸಣ್ಣದು! ಆದರೆ ಕಾರಣ ಹೇಳದಿದ್ದರೆ ಇವತ್ತು ರಾತ್ರಿಯೂ ಕೆಳಗೆ ಪ್ರೀತಿಯಿಂದ ಕಲ್ಲಿದ್ದಲು ತುಂಬುತ್ತಾರೆ. ಮುಚ್ಚಳ ಬಿಗಿಮಾಡಲು ಬೇರೆ ಮೇಸ್ತ್ರಿಯನ್ನು ಕರೆಯುತ್ತಾರೆ.

"ಆಗಲ್ಲಮ್ಮ" ಅಂದ. ತನ್ನ ದನಿ ಅವನಿಗೇ ಗುರುತು ಸಿಗಲಿಲ್ಲ.

ಅಷ್ಟರಲ್ಲಿ ಅಂಗಳ ತುಂಬಿತು. ಮಸೂರದ ಅಣ್ಣ ಒಂದು ಗೇಟಿನಿಂದ, ಪಾಳಿ ಮುಗಿಸಿ ಬಂದ ತಮ್ಮ ಇನ್ನೊಂದು ಗೇಟಿನಿಂದ. ಡಾಕ್ಟರು ಬಂದು ಆಕೆಯ ಕಣ್ಣು, ನಾಡಿ ನೋಡಿ, ಎರಡು ಪ್ರಶ್ನೆ ಕೇಳಿ, ವಿಷಗಾಳಿಯೇ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಮ್ಲಜನಕ ಕೊಡಬೇಕು ಎಂದು ಗಾಡಿಗೆ ಫೋನ್ ಮಾಡಿದರು. "ಬಸುರಿಗೆ ತೊಂದರೆ ಇಲ್ಲವಲ್ಲ?" ಎಂದು ತಮ್ಮ ಕೇಳಿದ. ಆಯ್ತಪ್ಪನೇ ಹೇಳಿದ. ಬಸುರಿಲ್ಲ, ಇದ್ದದ್ದು ಗಾಳಿ, ಗಾಳಿ ಬಂದದ್ದು ತಗಡಿನ ಸಂದಿನಿಂದ, ತಗಡು ಹಾಕಿದ್ದು ನಾನು.

"ಇವನನ್ನ ಸುಮ್ಮನೆ ಬಿಡಬಾರದು" ಅಂದ ತಮ್ಮ, ಗದ್ಗದವಾಗಿ.

"ಬಿಡೋ ಮಾತೇ ಇಲ್ಲ ಕಣೋ. ಪೊಲೀಸಿಗೆ ಕೊಡೋಣ, ನಡಿ" ಅಂದ ಅಣ್ಣ.

ಇಬ್ಬರೂ ನೇರವಾಗಿ ಒಬ್ಬರಿಗೊಬ್ಬರು ಮಾತಾಡಿದ್ದು ಯಾರಿಗೂ, ಅವರಿಗೂ, ಗಮನಕ್ಕೆ ಬರಲಿಲ್ಲ. ಜಂಟಿಯಾಗಿ ಬೈದರು. ಅಣ್ಣ ಮರೆತ ಬೈಗುಳವನ್ನು ತಮ್ಮ ಜ್ಞಾಪಿಸಿದ. ಅರ್ಧ ಮಾಡಿಕೊಡು ಎಂದು ಕೇಳಿದವರು ತಾವೇ ಎಂಬುದು ಇಬ್ಬರಿಗೂ ಒಟ್ಟಿಗೇ ಮರೆತುಹೋಗಿತ್ತು. ಆಯ್ತಪ್ಪ ತಲೆ ತಗ್ಗಿಸಿ ನಿಂತ. ಸುಸ್ತಾಗಿ ಅವರು ನಿಲ್ಲಿಸಿದಾಗ ಹೇಳಿದ: "ತಗಡು ಇವತ್ತೇ ಕೀಳ್ತೀನಿ. ಮೇಲಿನ ಬಾಯಿಗೆ ಇಟ್ಟಿಗೆ ಕಟ್ಟಿ ಗಾರೆ ಮೆತ್ತುತ್ತೀನಿ. ಮೇಲಿನ ಒಲೆ ವಾಪಸ್ ಹೋಗಬೇಕು. ಇರೋದು ಕೆಳಗಿನದು ಒಂದೇ, ಅದೂ ಚಿಮಣಿ ಪೂರ್ತಿ ಗುಡಿಸಿದ ಮೇಲೆ."

"ಹಾಗಾದ್ರೆ ನನ್ನ ಪಾಲು?" ಎಂದು ತಮ್ಮ ಕೆರಳಿದ.

"ಪಾಲು ಆಗಲ್ಲ" ಅಂದ ಆಯ್ತಪ್ಪ. ಎರಡನೆಯ ಸಲಕ್ಕೆ ಅಷ್ಟೇನೂ ಕಷ್ಟವಾಗಲಿಲ್ಲ. ಅಂಗಳದ ಮೂಲೆಯಲ್ಲಿ ನಿಂತಿದ್ದ ಅವನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನ್ನ ಒಲೆಯ ಬೆಂಕಿ ಅಂಗಳಕ್ಕೆ ಸುರಿದದ್ದು ಯಾರ್ರೀ?" ಎಂದು ಜೋರು ದನಿ ಕೇಳಿದ್ದು ಆಗ. ತರಕಾರಿ ಚೀಲ ಒಳಗಿಟ್ಟ ಕೆಳಗಿನ ಮನೆಯಾಕೆ ಕೈಯಲ್ಲಿ ಹಾಲಿನ ಲೋಟ ಹಿಡಿದು ಬಾಗಿಲಿಗೆ ಬಂದಿದ್ದಳು. ಗಂಡ ವಿಷಯ ಹೇಳಿದ. ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರೆ, ನಾನು ರಾತ್ರಿ ಅಷ್ಟೊಂದು ತುಂಬ್ತಿದ್ದೆನಲ್ಲ... ಅದೇ?"

ಆಯ್ತಪ್ಪ ಹೌದೆಂದು ತಲೆಯಾಡಿಸಿದ.

ಆಕೆ ಮೆಟ್ಟಿಲು ಹತ್ತತೊಡಗಿದಳು, ಒಂದೊಂದಕ್ಕೂ ಮಂಡಿಗೆ ಕೈಯೂರಿ. ಮೇಲೆ ಕಂಬಳಿಯಲ್ಲಿ ಕೂತಿದ್ದವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

"ಅಕ್ಕಾ, ಮಗು ಇಲ್ಲ" ಅಂದಳು, ಗೋಡೆಗೆ. "ನನಗೆ ಮೊದಲೇ ಗೊತ್ತಿತ್ತು. ನೀವು ಬರೋದು ನಿಲ್ಲಿಸ್ತೀರಿ ಅಂತ ಹೇಳಲಿಲ್ಲ."

ಕೆಳಗಿನ ಮನೆಯಾಕೆ ಪಕ್ಕದ ಮೆಟ್ಟಿಲ ಮೇಲೆ ಭಾರವಾಗಿ ಕೂತಳು. ಹಾಲಿನ ಲೋಟವನ್ನು ಮುಂದೆ ಚಾಚಿದಳು. ಡಾಕ್ಟರ ಕಡೆ ನೋಡಿದಳು. ಎರಡು ಗುಟುಕು ಕುಡಿಯಬಹುದು ಎಂದು ಅವರು ಕೈಸನ್ನೆ ಮಾಡಿದರು.

"ಕುಡಿ, ಆರಿ ಹೋಗುತ್ತೆ" ಅಂದಳು ಓರಗಿತ್ತಿಗೆ. ಆಮೇಲೆ ಕಣ್ಣೊರೆಸಿಕೊಂಡು, ಎಂದಿನ ಸಿಡುಕಿನಲ್ಲೇ ಸೇರಿಸಿದಳು. "ಆಸ್ಪತ್ರೆಯಿಂದ ಬಂದ ಮೇಲೆ ನೀನೇ ಕೆಳಗೆ ಬಾ. ಒಲೆ ಇರೋದು ಅಲ್ಲೇ ತಾನೆ? ನನಗೆ ಈ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹೋಗಿದೆ."